ಒಂದು ಅಳತೆ ದೊಡ್ಡ ಕೋವಿ

ಆ ವರ್ಷ ನವೆಂಬರ್‌ನಲ್ಲಿ ಮೊಮ್ಮಗಳು ಮೊದಲ ಸಲ ಬೇಟೆಗೆ ಹೋಗುವವಳಿದ್ದಳು. ನಾರ್ತ್ ಕ್ಯಾರೊಲೈನಾದ ಪಶ್ಚಿಮದ ಬೆಟ್ಟಗಳಲ್ಲಿ ಜಿಂಕೆ ಬೇಟೆ. ಆ ಕಾಡಿನಲ್ಲಿ ಕರಡಿಗಳಿವೆ. ಅವಳಿಗೊಂದು ಕೋವಿ ಆರಿಸಿಕೊಡುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ಆರಿಸಿದೆ, ಅದೂ ತಪ್ಪಾಗಿ ಆರಿಸಿದೆ.

ನಾನು ಕೊಡಗಿನವಳು. ಸೇನೆಯ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು, ಆಮೇಲೆ ಈ ದೇಶಕ್ಕೆ ಬಂದು ಮೂವತ್ತು ವರ್ಷ ರಾಕ್‌ವಿಲ್ ಬಳಿಯ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡಿದೆ. ಹೊಲಿಗೆ ಹಾಕುವ ಮೊದಲು ಸೂಜಿ, ಕತ್ತರಿ, ಬಟ್ಟೆಯ ಚೂರುಗಳನ್ನೆಲ್ಲ ಎಣಿಸುವುದು ನನ್ನ ಜವಾಬ್ದಾರಿ. ಎಣಿಕೆ ತಾಳೆಯಾಗದಿದ್ದರೆ ಸರ್ಜನ್ ಎಷ್ಟು ರೇಗಾಡಿದರೂ ಮುಂದಕ್ಕೆ ಬಿಡುತ್ತಿರಲಿಲ್ಲ. ಈಗ ಫೋರ್ಟ್ ಮಿಲ್‌ನಲ್ಲಿ ನಿವೃತ್ತ ಜೀವನ. ಆದರೂ ಐದಕ್ಕೆ ಏಳುತ್ತೇನೆ, ಐದೂವರೆಗೆ ನಡೆಯಲು ಹೋಗುತ್ತೇನೆ, ದಿನದ ಕೆಲಸಗಳನ್ನು ಚೀಟಿಯಲ್ಲಿ ಬರೆದು ಒಂದೊಂದಾಗಿ ಹೊಡೆದುಹಾಕುತ್ತೇನೆ. ನಮ್ಮವರು ಮೈಸೂರಿನವರು, ಮೊಟ್ಟೆಯನ್ನೂ ಮುಟ್ಟದವರು. ಮದುವೆಯಾದಂದಿನಿಂದ ಮನೆಯ ಮಾತು ಕನ್ನಡ, ಮನೆಯ ಪಾತ್ರೆಗಳು ಎರಡು ಜೊತೆ.

ಮೊಮ್ಮಗಳು ನನ್ನ ಮಗಳ ಮಗಳು. ಸುವಾನಿಯಲ್ಲಿ ಬೆಳೆದವಳು, ನಮ್ಮೂರಿಗೆ ಹತ್ತಿರದ ಷಾರ್ಲೆಟ್‌ನಲ್ಲಿ ಕೆಲಸ ಸಿಕ್ಕಿದ ಮೇಲೆ ನಮ್ಮ ಮಹಡಿಯ ಕೋಣೆಗೆ ಬಂದಳು. ಇಪ್ಪತ್ಮೂರು ವರ್ಷ, ಐದಡಿ ಎತ್ತರ, ಹಗುರ ಮೈ. ಅವಳ ಆಫೀಸಿನ ಹಿರಿಯ ಮಹಿಳೆಯೊಬ್ಬರು ಪ್ರತಿ ವರ್ಷ ಆ ಬೆಟ್ಟಗಳಲ್ಲಿ ಜಿಂಕೆ ಹೊಡೆದು ಚಳಿಗಾಲಕ್ಕೆ ಮಾಂಸ ಕೂಡಿಡುತ್ತಾರೆ. ಅವರೇ ಇವಳನ್ನು ಕರೆದದ್ದು. ಬೇಟೆಗಾರರ ಸುರಕ್ಷತಾ ಪಾಠ ಮುಗಿಸಿ, ಸರ್ಟಿಫಿಕೇಟ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

"ಅಜ್ಜಿ, ನಂಗೆ ರೈಫಲ್ ಪಿಕ್ ಮಾಡೋಕೆ ಹೆಲ್ಪ್ ಮಾಡ್ತೀಯಾ? ನಿಂಗೆ ಗೊತ್ತಲ್ವಾ ಇದೆಲ್ಲ."

ನನಗೆ ಗೊತ್ತಿದ್ದದ್ದು ಅಪ್ಪನ ಜೋಡುನಳಿಗೆ ಕೋವಿ, ಅದೂ ಐವತ್ತು ವರ್ಷದ ಹಿಂದಿನ ಮಾತು. ಆದರೆ ಮೊಮ್ಮಗಳು ಕೇಳಿದಾಗ ಗೊತ್ತಿಲ್ಲ ಎನ್ನುವ ಅಜ್ಜಿ ಇರುತ್ತಾಳೆಯೇ? ಒಂದು ವಾರ ಕೂತು ಓದಿದೆ, ಪಟ್ಟಿ ಮಾಡಿದೆ. ಪಟ್ಟಿಯ ಮೊದಲ ಸಾಲಿನಲ್ಲೇ "ಕರಡಿ" ಎಂದು ಬರೆದು ಅಡಿಗೆರೆ ಎಳೆದೆ. ಉಳಿದದ್ದನ್ನೆಲ್ಲ ಆ ಗೆರೆಯ ಕೆಳಗಿನಿಂದಲೇ ಯೋಚಿಸಿದೆ.

ಕೋವಿ ಅಂಗಡಿಯವನು ಬಿಳಿಗಡ್ಡದ ಸಾವಧಾನದ ಮನುಷ್ಯ. ಮೊಮ್ಮಗಳ ತೋಳನ್ನು ಕಣ್ಣಲ್ಲೇ ಅಳೆದು ಒಂದು ಚಿಕ್ಕ ರೈಫಲ್ ಹೊರತೆಗೆದ. ಭುಜಕ್ಕೆ ಒತ್ತುವ ಮರದ ಹಿಡಿ ಗಿಡ್ಡ, ಗುಂಡು ಮಧ್ಯಮ ಗಾತ್ರದ್ದು, ಹಾರಿಸಿದಾಗ ಭುಜಕ್ಕೆ ಬೀಳುವ ಒದೆತ ಕಡಿಮೆ.

"ಜಿಂಕೆಗೆ ಧಾರಾಳ ಸಾಕು ಮ್ಯಾಮ್. ಇಲ್ಲಿನ ಕಪ್ಪು ಕರಡಿಗೂ ಸಾಕು, ಗುಂಡು ಸರಿಯಾದ ಕಡೆ ಬಿದ್ದರೆ," ಎಂದು ಇಂಗ್ಲಿಷಿನಲ್ಲಿ ಹೇಳಿದ.

"ಇದು ಮಕ್ಕಳ ಅಳತೆಯದಲ್ಲವೇ?" ಎಂದೆ.

"ಯೂತ್ ಮಾಡೆಲ್ ಅಂತ ಹೆಸರಿದೆ ನಿಜ, ಆದರೆ..."

ಆ "ಆದರೆ"ಯನ್ನು ನಾನು ಮುಗಿಸಗೊಡಲಿಲ್ಲ. ಪಕ್ಕದ ಗೋಡೆಗೆ ಒರಗಿಸಿಟ್ಟಿದ್ದ ಉದ್ದನೆಯ ಮ್ಯಾಗ್ನಮ್ ರೈಫಲ್ ತೋರಿಸಿದೆ. ಅದರ ಗುಂಡು ನನ್ನ ತೋರುಬೆರಳಿಗಿಂತ ಉದ್ದ. ಪಶ್ಚಿಮದ ರಾಜ್ಯಗಳಲ್ಲಿ ಎಲ್ಕ್ ಎಂಬ ಭಾರೀ ಜಿಂಕೆ ಹೊಡೆಯಲು ಒಯ್ಯುವಂಥದ್ದು ಎಂದ ಅವನು. ಹಾಗಾದರೆ ಅದೇ ಇರಲಿ ಎಂದೆ.

ನಮ್ಮಲ್ಲಿ ಮಕ್ಕಳಿಗೆ ಬಟ್ಟೆ ಕೊಳ್ಳುವುದು ಹೀಗೆಯೇ. ನನ್ನ ಅಮ್ಮ ನನ್ನ ಲಂಗವನ್ನು ಎರಡು ವರ್ಷ ಮುಂದಿನ ಅಳತೆಗೆ ಹೊಲಿಸುತ್ತಿದ್ದರು. ನಾನು ಮಗಳಿಗೆ ಚಳಿಗಾಲದ ಕೋಟನ್ನು ಬೆರಳ ತುದಿ ಮುಚ್ಚುವ ಹಾಗೆ ಕೊಂಡೆ. ಬೂಟಿನ ತುದಿಗೆ ಹತ್ತಿ ತುರುಕಿ ಶಾಲೆಗೆ ಕಳಿಸಿದೆ. ಒಂದು ಅಳತೆ ದೊಡ್ಡದಿದ್ದರೆ ಮಗು ಬೆಳೆದು ಸರಿಹೋಗುತ್ತದೆ.

ಮನೆಗೆ ಬಂದಾಗ ನಮ್ಮವರು ರೈಫಲ್ಲನ್ನೂ ಮೊಮ್ಮಗಳನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿದರು.

"ಇದಕ್ಕೆ ಸರಿಯಾಗಿ ಬೆಳ್ಕೊಳ್ತಾಳೆ ಅಂತ ತಂದ್ಯಾ? ಅವಳಿಗೆ ಇಪ್ಪತ್ಮೂರು ಕಣೇ. ಇನ್ನೇನಿದ್ರೂ ಅಡ್ಡಕ್ಕೆ ಬೆಳೀಬೇಕು."

"ತಾತಾ, ದಟ್ಸ್ ರೂಡ್!" ಎಂದಳು ಮೊಮ್ಮಗಳು.

"ಪುಳಿಯೋಗರೆ ತಿನ್ನೋರಿಗೆ ಕೋವಿ ವಿಷಯ ಯಾಕ್ರೀ?" ಎಂದು ಅವರ ಬಾಯಿ ಮುಚ್ಚಿಸಿದೆ.

ಸೆಪ್ಟೆಂಬರ್ ಮೊದಲಲ್ಲಿ ಕೈಲ್‌ಪೊಳ್ದ್ ಹಬ್ಬ ಬಂತು. ಕೊಡಗಿನಲ್ಲಿ ಆ ದಿನ ಕೋವಿ, ಕತ್ತಿಗಳನ್ನು ಹೊರತೆಗೆದು ಒರೆಸಿ ಪೂಜೆ ಮಾಡುತ್ತೇವೆ, ನಳಿಗೆಗೆ ಹೂ ಸಿಕ್ಕಿಸುತ್ತೇವೆ. ಎಷ್ಟೋ ವರ್ಷಗಳಿಂದ ನಮ್ಮ ಮನೆಯಲ್ಲಿ ಪೂಜೆಗಿದ್ದದ್ದು ತರಕಾರಿ ಹೆಚ್ಚುವ ಚಾಕು ಮಾತ್ರ. ಆ ವರ್ಷ ನಿಜವಾದ ಕೋವಿಯಿತ್ತು. ಹಿತ್ತಲಿನ ಚೆಂಡುಹೂವನ್ನು ಸಿಕ್ಕಿಸಿ, ಗಂಧ ಹಚ್ಚಿ, ದೀಪ ಬೆಳಗಿದೆ. ಮೊಮ್ಮಗಳ ಕೈ ಹಿಡಿದು ಮುಟ್ಟಿಸಿ, "ಇದು ನಿನ್ನನ್ನ ಕಾಯುತ್ತೆ" ಎಂದೆ. ನನ್ನ ಕಣ್ಣು ತುಂಬಿದ್ದನ್ನು ಅವಳು ನೋಡಿದಳು.

ಆಮೇಲಿನ ಶನಿವಾರಗಳಂದು ಅವಳು ಬೆಳಗ್ಗೆ ಶೂಟಿಂಗ್ ರೇಂಜಿಗೆ ಹೋಗಿ ಬರುತ್ತಿದ್ದಳು. ಹೇಗಾಯಿತು ಎಂದು ಕೇಳಿದರೆ "ಗುಡ್, ಅಜ್ಜಿ" ಎನ್ನುತ್ತಿದ್ದಳು. ಚೀಟಿಯಲ್ಲಿ "ಗುರಿ ಅಭ್ಯಾಸ" ಎಂಬುದನ್ನು ನಾನು ಹೊಡೆದುಹಾಕುತ್ತಿದ್ದೆ.

ಸೆಪ್ಟೆಂಬರ್ ಕೊನೆಯ ಸೆಕೆಯಲ್ಲೂ ಅವಳು ತುಂಬುತೋಳಿನ ಅಂಗಿ ಹಾಕತೊಡಗಿದಳು. ಒಂದು ಭಾನುವಾರ ಬಲ ಹುಬ್ಬಿನ ಮೇಲೆ ಗಾಯ ಕಂಡಿತು. ಕಪಾಟಿನ ಬಾಗಿಲು ಬಡಿಯಿತು ಎಂದಳು. ಕಪಾಟಿನ ಬಾಗಿಲು ನೇರ ಗೀರು ಹಾಕುತ್ತದೆ. ಇದು ಅರ್ಧಚಂದ್ರದಂತಿತ್ತು, ಅಂಚು ನುಣ್ಣಗಿತ್ತು. ನಾನು ಮುಲಾಮು ಹಚ್ಚಿದೆ. ಮುಂದಿನ ಶನಿವಾರ ಅವಳಿಗಿಂತ ಮೊದಲೇ ಹೋಗಿ ಕಾರಿನಲ್ಲಿ ಕೂತೆ.

"ನೀನೂ ಬರ್ತೀಯಾ?" ಎಂದವಳ ಮುಖ ಸಣ್ಣದಾಯಿತು.

ರೇಂಜಿನಲ್ಲಿ ಅವಳ ಹಿಂದೆ ನಿಂತು ನೋಡಿದೆ. ಹಿಡಿ ಉದ್ದವಾದ್ದರಿಂದ ರೈಫಲ್ಲಿನ ಮೇಲೆ ಕೂರಿಸಿದ ದುರ್ಬೀನಿನಲ್ಲಿ ಗುರಿ ಕಾಣಲು ಅವಳು ಕತ್ತನ್ನು ಮುಂದಕ್ಕೆ ಚಾಚಬೇಕಿತ್ತು. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದ್ದು ದುರ್ಬೀನಿನ ಅಂಚು ಹುಬ್ಬಿಗೆ ಬಡಿಯುತ್ತಿತ್ತು. ಗಾಯದ ಲೆಕ್ಕ ಸಿಕ್ಕಿತು. ಇನ್ನೊಂದು ಸಂಶಯ ಉಳಿದಿತ್ತು. "ಕೊಡಿಲ್ಲಿ, ನಾನು ತುಂಬಿಸ್ತೀನಿ" ಎಂದು ರೈಫಲ್ ತೆಗೆದುಕೊಂಡೆ. ಗುಂಡು ಹಾಕುವವಳಂತೆ ಮಾಡಿ, ಹಾಕದೆಯೇ ವಾಪಸ್ ಕೊಟ್ಟೆ.

ಅವಳು ಗುರಿಯಿಟ್ಟಳು. ಕೋವಿಯ ಕುದುರೆ ಎಳೆಯುವ ಮೊದಲೇ ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಟಿಕ್ ಎಂದು ಬರೀ ಸದ್ದಾಯಿತು. ಗುಂಡಿಲ್ಲದ ಕೋವಿಯ ಮೂತಿ ಒಂದು ಗೇಣು ಕೆಳಕ್ಕೆ ಕುಸಿಯಿತು. ಬರಲಿರುವ ಒದೆತಕ್ಕೆ ಹೆದರಿ ಇಡೀ ಮೈ ಕುಗ್ಗಿತ್ತು. ಇಷ್ಟು ವಾರ ಅವಳು ಅಭ್ಯಾಸ ಮಾಡಿದ್ದು ಗುರಿಯನ್ನಲ್ಲ, ಭಯವನ್ನು. ಹೀಗೆಯೇ ಕಾಡಿಗೆ ಹೋದರೆ ಜಿಂಕೆಗೆ ಎಲ್ಲೋ ಗುಂಡು ತಾಗಿ ಅದು ನರಳುತ್ತ ಓಡುತ್ತದೆ. ಅದರ ರಕ್ತದ ಜಾಡು ಹಿಡಿದು ಇವಳು ಪೊದೆಯೊಳಗೆ ಹೋಗಬೇಕಾಗುತ್ತದೆ, ಅದೇ ವಾಸನೆಗೆ ಕರಡಿಯೂ ಬರಬಹುದು. ಅವಳನ್ನು ಕರಡಿಯಿಂದ ಕಾಯಲೆಂದು ತಂದ ಕೋವಿ ಅವಳನ್ನು ಕರಡಿಯ ಕಡೆಗೇ ನಡೆಸುತ್ತಿತ್ತು.

ಅಲ್ಲೇ ಬೆಂಚಿನ ಮೇಲೆ ಅವಳ ಅಂಗಿಯ ಕಾಲರು ಸರಿಸಿ ನೋಡಿದೆ. ಬಲಭುಜ ಹಣ್ಣಾದ ನೇರಳೆಯ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಹಳದಿ, ಅಂದರೆ ಹಳೆಯ ಏಟಿನ ಮೇಲೆ ಹೊಸ ಏಟು.

"ಯಾಕೆ ಪುಟ್ಟೀ, ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ಪೂಜೆ ಮಾಡಿದ್ಯಲ್ಲ ಅಜ್ಜಿ. ಹೂ ಇಟ್ಟೆ, ಅತ್ಬಿಟ್ಟೆ. ಐ ಥಾಟ್, ಪೂಜೆ ಆದ್ಮೇಲೆ ರಿಟರ್ನ್ ಮಾಡೋ ಹಾಗಿಲ್ಲ ಅಂತ."

ನನಗೆ ನಗು ಬಂತು, ಅದರ ಹಿಂದೆಯೇ ಅಳು. ಮೂವತ್ತು ವರ್ಷ ಸೂಜಿ ಎಣಿಸಿದವಳು ಮನೆಯ ಮಗುವಿನ ನೋವನ್ನು ಎಣಿಸಿರಲಿಲ್ಲ.

"ದೇವರು ಕೂತಿರೋದು ಕೋವಿಯೊಳಗಲ್ಲ ಮಗಳೇ. ನಿನ್ನ ಭುಜಕ್ಕೆ ಆಗದ್ದನ್ನ ಇಟ್ಕೋ ಅಂತ ನಮ್ಮ ಹಿರಿಯರು ಯಾರೂ ಹೇಳಿಲ್ಲ. ನಾನು ಹೇಳ್ದೆ. ತಪ್ಪು ನಂದು."

"ಸಾರಿ ಅಂತ ಹೇಳ್ತಿದ್ಯಾ? ನೀನು?"

"ಹೂಂ. ತಾತಂಗೆ ಹೇಳ್ಬೇಡ."

ಅಂಗಡಿಯವನು ಮ್ಯಾಗ್ನಮ್ ವಾಪಸ್ ಪಡೆದು ಚಿಕ್ಕ ರೈಫಲ್ ಕೊಡಲು ಒಪ್ಪಿದ. ಈ ಸಲ ನಾನು ಕೈಕಟ್ಟಿ ದೂರ ನಿಂತೆ. ಅವಳು ಕಣ್ಣು ಮುಚ್ಚಿ ರೈಫಲ್ಲನ್ನು ಭುಜಕ್ಕೇರಿಸಿ, ಆಮೇಲೆ ಕಣ್ಣು ತೆರೆದಳು. ಕತ್ತು ಚಾಚದೆಯೇ ದುರ್ಬೀನಿನ ವೃತ್ತ ಪೂರ್ತಿ ಕಾಣಿಸಿತಂತೆ. ಅಳತೆ ನೋಡುವ ಬಗೆ ಇದು, ಅವನು ಕಲಿಸಿದ್ದು. ನನ್ನ ಒಂದು ವಾರದ ಪಟ್ಟಿಯಲ್ಲಿ ಇದು ಇರಲಿಲ್ಲ.

"ಕರಡಿಗೆ?" ಎಂದು ಮತ್ತೆ ಕೇಳದೆ ಇರಲಾಗಲಿಲ್ಲ.

"ಕರಡಿಗೆ ಇದು ಮ್ಯಾಮ್," ಎಂದು ಖಾರದ ಸ್ಪ್ರೇ ಡಬ್ಬಿಯೊಂದನ್ನು ಮುಂದಿಟ್ಟ. "ಸೊಂಟದಲ್ಲಿರಲಿ. ಮಾತಾಡುತ್ತ ಹಿಂದಕ್ಕೆ ನಡೆಯಲಿ. ಸಾಮಾನ್ಯವಾಗಿ ಅಷ್ಟು ಸಾಕು."

ಭುಜ ಮಾಯಲಿ ಎಂದು ಮೂರು ವಾರ ಅವಳನ್ನು ರೇಂಜಿಗೆ ಬಿಡಲಿಲ್ಲ. ಆಮೇಲೆ ಇಬ್ಬರೂ ಹೋದೆವು. ನಾನೇ ಗುಂಡು ತುಂಬುತ್ತಿದ್ದೆ, ನಡುನಡುವೆ ಖಾಲಿ ಕೊಡುತ್ತಿದ್ದೆ. ಯಾವುದು ಖಾಲಿ ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ನವೆಂಬರ್ ನಡುವಿನ ಹೊತ್ತಿಗೆ ಖಾಲಿ ಕೋವಿಯ ಮೂತಿ ಅಲುಗುವುದು ನಿಂತಿತು. ಆದರೂ ಆಫೀಸಿನ ಆ ಹಿರಿಯ ಮಹಿಳೆಯ ಜೊತೆ ಅವಳು ಬೇಟೆಗೆ ಹೊರಟ ದಿನ ಚೀಟಿ ಬರೆಯುವುದನ್ನೇ ಮರೆತೆ. ಒಂದೇ ಪಾತ್ರೆಯನ್ನು ಎರಡು ಸಲ ತೊಳೆದೆ.

ಮರುದಿನ ಮಧ್ಯಾಹ್ನ ಅವಳ ಫೋನ್ ಬಂತು.

"ಅಜ್ಜಿ, ಡೋಂಟ್ ಫ್ರೀಕ್ ಔಟ್, ಓಕೆ? ಕರಡಿ ನೋಡ್ದೆ. ಅಮ್ಮ ಕರಡಿ, ಎರಡು ಮರಿ. ಬೆಳಿಗ್ಗೆ, ನಾವು ನಡೀತಾ ಇರೋವಾಗ."

"ಕೋವಿ ಎತ್ತಿದ್ಯಾ?"

"ಇಲ್ಲ. ಸ್ಪ್ರೇ ಕೈಲಿತ್ತು. 'ಹಲೋ ಬೇರ್, ಹಲೋ ಬೇರ್' ಅಂತ ಹಿಂದೆ ಬಂದ್ವಿ. ಅದು ನಮ್ಮನ್ನ ನೋಡ್ತು, ಮರಿಗಳನ್ನ ಕರ್ಕೊಂಡು ಹೋಯ್ತು. ಅಷ್ಟೇ."

"ಜಿಂಕೆ?"

"ಆಮೇಲೆ ಒಂದು ಬಂತು. ನಂಗೆ ಕೈ ಇನ್ನೂ ಶೇಕ್ ಆಗ್ತಿತ್ತು. ಸೋ ನಾನು ಶೂಟ್ ಮಾಡ್ಲಿಲ್ಲ."

ಬೆಟ್ಟದ ಗಾಳಿ ಫೋನಿನಲ್ಲಿ ಕೇಳುತ್ತಿತ್ತು.

"ಅಜ್ಜಿ, ತುಂಬ ಭಯ ಆಯ್ತು. ಅಳೂ ಬಂತು. ನಿಂಗೆ ಹೇಳ್ಬೇಕು ಅನ್ನಿಸ್ತು."

"ಹೇಳು ಮಗಳೇ," ಎಂದು ಕುರ್ಚಿಯಲ್ಲಿ ಕೂತೆ. "ಮೊದಲಿಂದ ಹೇಳು. ಎಲ್ಲ ಹೇಳು."