ಅಳಿಸಿದ ಪೆನ್ಸಿಲ್ ಗೆರೆ

ಮೆಲ್ಬರ್ನ್‌ನ ನಮ್ಮ ಲ್ಯಾಬಿನಲ್ಲಿ, ಸಂಶೋಧನೆಗೆ ಹಣ ಕೇಳುವ ಅರ್ಜಿಯನ್ನು ಕ್ಯಾನ್ಸರ್ ಬಂದು ಗುಣವಾದವರೊಬ್ಬರು ಓದಿ ಸಹಿ ಹಾಕಬೇಕಿತ್ತು. ನನ್ನದನ್ನು ಓದಿದವರು ಟ್ರುಗನಿನಾ ಬಡಾವಣೆಯ ಮಂಗಳೂರು ಆಂಟಿ. ಕನ್ನಡಕವನ್ನು ಹಣೆಗೇರಿಸಿ, ತಿಳಿಯದ ಸಾಲಿನಡಿ ಪೆನ್ಸಿಲ್ ಗೆರೆ ಎಳೆಯುತ್ತಿದ್ದರು. ತಿಳಿದ ಮೇಲೆ ಅಳಿಸುತ್ತಿದ್ದರು.

"ನನಗೆ ಅರ್ಥ ಆಗುವ ಹಾಗೆ ಹೇಳು ಮಾರಾಯ."

ಹೇಳಿದೆ. ಕೆಲವು ಜೀನ್‌ಗಳು ಪ್ರೋಟೀನ್ ಮಾಡುವುದಿಲ್ಲ, ಬರೀ ಆರ್‌ಎನ್‌ಎ ಮಾಡುತ್ತವೆ. ಅವುಗಳಲ್ಲಿ ಕೆಲವು ಗಡ್ಡೆ ಬೆಳೆಯದಂತೆ ತಡೆಯುತ್ತವೆ. ಕ್ಯಾನ್ಸರ್‌ನಲ್ಲಿ ಎಷ್ಟೋ ಸಲ ಅಂಥ ಜೀನ್ ಕೆಟ್ಟಿರುವುದಿಲ್ಲ. ಅದರ ಮೇಲೊಂದು ರಾಸಾಯನಿಕ ಗುರುತು ಅಂಟಿಕೊಂಡಿದ್ದರಿಂದ ಅದು ಕೆಲಸ ನಿಲ್ಲಿಸಿ ಸುಮ್ಮನಾಗಿರುತ್ತದೆ.

"ಹಾಗಾದ್ರೆ ಆ ಗುರುತು ತೆಗೆದ್ರೆ ಆಯ್ತಲ್ಲ. ಮದ್ದು ಯಾವಾಗ ಬರ್ತದೆ?"

ನಾವಿನ್ನೂ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳನ್ನು ದಾಟಿರಲಿಲ್ಲ. ಆದರೆ ಅರ್ಜಿಗೆ ಮರುದಿನವೇ ಕೊನೆಯ ದಿನ, ನನಗೆ ಸಹಿ ಬೇಕಿತ್ತು.

"ಐದು ವರ್ಷದಲ್ಲಿ ಬರಬಹುದು ಆಂಟಿ."

ಅವರು ಗೆರೆ ಅಳಿಸಿ, ರಬ್ಬರಿನ ಪುಡಿಯನ್ನು ಊದಿ, ಸಹಿ ಹಾಕಿದರು.

ಮರುವರ್ಷ ಅವರ ಕಾಯಿಲೆ ಮರಳಿತು. ನೋಡಲು ಹೋದೆ. ಕೀಮೋ ಕೋಣೆಯಲ್ಲಿ, ಪಕ್ಕದ ಕುರ್ಚಿಯ ಹೆಂಗಸಿಗೆ ನನ್ನನ್ನು ತೋರಿಸಿ, ಇನ್ನು ನಾಲ್ಕೇ ವರ್ಷ ತಡೆದುಕೊಂಡರೆ ಸಾಕು, ಈ ಹುಡುಗ ಮದ್ದು ತರುತ್ತಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಆ ಹೆಂಗಸು ಸೂಜಿ ಚುಚ್ಚಿದ್ದ ಕೈಯನ್ನೇ ಚಾಚಿ ನನಗೆ ಥ್ಯಾಂಕ್ಸ್ ಹೇಳಿದಳು. ನಾನು ಆ ಕೈ ಕುಲುಕಿದೆ.