ರೈಲ್ವೆ ಕೋಟಿನ ತಂದೆ

ಸವೇತಾ ಕಲ್ಲೆದೆಯ ಹೆಂಗಸು. ಪರರ ಬಟ್ಟೆಗೆ ಕತ್ತರಿ ಹಾಕುವುದರಲ್ಲಿ ಧಾರಾಳಿ, ತನ್ನದನ್ನು ಕೊಡುವುದರಲ್ಲಿ ಕಡು ಜಿಪುಣಿ. ರಾಹೆಲಾಳ ತಾಯಿ ಮಿನೋದೊರಾ ಸಾಯುವವರೆಗೂ ಹೀಗೆ ಹೇಳುತ್ತಿದ್ದಳು. ರಾಹೆಲಾ ತಾನು ಐವತ್ತು ದಾಟಿದ ಮೇಲೂ ಆ ಮಾತನ್ನು ತಿದ್ದಲು ಕಾರಣ ಕಂಡಿರಲಿಲ್ಲ.

ಸವೇತಾ ಹೊಲಿಗೆಯವಳು. ಆರಾದ್ ಪಟ್ಟಣದ ಕಡೆಯ ಒಂದು ಹಳ್ಳಿಯ ಬ್ಯಾಪ್ಟಿಸ್ಟ್ ಕ್ರೈಸ್ತರ ಸಭೆಯಲ್ಲಿ ಭಾನುವಾರದ ಮಕ್ಕಳ ಪಾಠ ಅವಳದು. ಆಗ ಸರ್ವಾಧಿಕಾರಿಯ ಕಾಲ. ಬೈಬಲ್ ಸಿಗುವುದೇ ಕಷ್ಟವಾಗಿದ್ದಾಗ ಮಕ್ಕಳಿಗೆ ತೋರಿಸುವ ಚಿತ್ರಗಳು ಎಲ್ಲಿಂದ ಬರಬೇಕು? ಸವೇತಾ ಒಂದು ಹಲಗೆಗೆ ಹಳೆಯ ಕಂಬಳಿ ಬಿಗಿದಳು. ಅದೇ ಕಂಬಳಿಯ ಬೂದು ಚೂರುಗಳಿಂದ ಅಂಗೈಯಗಲದ ಮನುಷ್ಯರನ್ನು ಕತ್ತರಿಸಿ, ಮೇಲೆ ಬಟ್ಟೆ ತೊಡಿಸಿ ಹೊಲಿದಳು. ಒರಟು ಉಣ್ಣೆ ಒರಟು ಉಣ್ಣೆಗೆ ತಾನಾಗಿ ಕಚ್ಚಿಕೊಳ್ಳುತ್ತಿತ್ತು. ಮೊಳೆ ಬೇಡ, ಅಂಟು ಬೇಡ. ಕಥೆ ಹೇಳುತ್ತ ಒಬ್ಬೊಬ್ಬರನ್ನೇ ಹಲಗೆಗೆ ಒತ್ತುವಳು, ಮುಗಿದ ಮೇಲೆ ಕಿತ್ತು ಪೆಟ್ಟಿಗೆಗೆ ಹಾಕುವಳು. ಸುತ್ತಲ ಹಳ್ಳಿಗಳ ಸಭೆಗಳಿಗೂ ಆ ಪೆಟ್ಟಿಗೆ ಪುಕ್ಕಟೆಯಾಗಿ ಹೋಗಿಬರುತ್ತಿತ್ತು. ಆದರೆ ಒಂದು ಕುರಿಗೊಂಬೆ ಕಡಿಮೆಯಾಗಿ ಬಂದರೆ, ಕೊಂಡೊಯ್ದವರಿಗೆ ಪೆಟ್ಟಿಗೆ ಇನ್ನೊಮ್ಮೆ ಸಿಗುತ್ತಿರಲಿಲ್ಲ.

ಗೊಂಬೆಗಳ ಬಟ್ಟೆಯನ್ನು ಮಾತ್ರ ಊರವರು ಕೊಡಬೇಕು. ಅವಳು ಕೇಳುತ್ತಿರಲಿಲ್ಲ, ಕತ್ತರಿ ಹಿಡಿದೇ ಬರುತ್ತಿದ್ದಳು. ಹಾಗಾಗಿ ಅಲ್ಲಿಯ ಮಕ್ಕಳಿಗೆ ಬೈಬಲ್ಲಿನಲ್ಲಿ ಅಪರಿಚಿತರೇ ಇರಲಿಲ್ಲ. ಯೋಸೇಫನ ಬಣ್ಣದ ಅಂಗಿ ಸಭೆಯ ಹಿರಿಯ ನೌಮಣ್ಣನ ಪಟ್ಟೆ ಪಾಯಿಜಾಮದ್ದು. ಅವನು ಪ್ರಾರ್ಥನೆಗೆ ಎದ್ದು ನಿಂತಾಗಲೆಲ್ಲ ಹಿಂದಿನ ಬೆಂಚು ಕಿಸಕ್ಕೆನ್ನುತ್ತಿತ್ತು.

"ದೈತ್ಯ ಗೊಲ್ಯಾತನ ಹೊಟ್ಟೆ ಮೇಲಿರೋದು ನಮ್ಮಜ್ಜಿ ಶಾಲು ಕಣ್ರೇ!" ಎಂದು ಒಬ್ಬಳು ಹೆಮ್ಮೆ ಪಟ್ಟರೆ ಪಕ್ಕದವಳು, "ಮತ್ತೆ? ದಾರಿಗಡ್ಡ ನಿಂತು ಬಾಯಿ ಮಾಡೋದು ನಿಮ್ಮಜ್ಜಿ ಥರಾನೇ ಇದೆ" ಎನ್ನುತ್ತಿದ್ದಳು.

ಒಮ್ಮೆ ಮಿಲಿಶಿಯಾದ, ಅಂದರೆ ಸರ್ಕಾರಿ ಪೊಲೀಸಿನ, ಪೇದೆ ಬೈಬಲ್ ಹುಡುಕಿ ಸವೇತಾಳ ಮನೆ ಜಾಲಾಡಲು ಬಂದು ಪೆಟ್ಟಿಗೆಯಿಂದ ಬೈಬಲ್ಲಿನ ಕ್ರೂರ ಅರಸ ಫರೋಹನನ್ನು ಎತ್ತಿ ಹಿಡಿದನಂತೆ.

"ಯಾರಿವ್ನು?"

"ಒಬ್ಬ ದೊಡ್ಡ ಅಧಿಕಾರಿ" ಎಂದಳಂತೆ ಸವೇತಾ.

"ಏನಾದ?"

"ನೀರಲ್ಲಿ ಮುಳುಗ್ದ, ಸ್ವಾಮಿ."

ಚಿಂದಿಗೊಂಬೆಗಳ ಮೇಲೆ ವರದಿ ಬರೆದು ನಗೆಪಾಟಲಾಗುವ ಮನಸ್ಸು ಅವನಿಗಿರಲಿಲ್ಲ. ಬಂದ ದಾರಿ ಹಿಡಿದ.

ರಾಹೆಲಾಳ ತಂದೆ ಒನಿಸೀಮ್ ರೈಲ್ವೆಯಲ್ಲಿದ್ದವನು. ಅವಳು ಆಗತಾನೆ ಶಾಲೆಗೆ ಸೇರಿದ್ದಾಗ ಎದೆಯಲ್ಲಿ ಕಫ ಕಟ್ಟಿ ತೀರಿಕೊಂಡ. ಅವನದೆಂದು ಉಳಿದದ್ದು ರೈಲ್ವೆಯವರು ಕೊಟ್ಟ, ಸೊಂಟದುದ್ದದ ಒಂದು ದಪ್ಪ ನೀಲಿ ಕೋಟು. ಅದನ್ನು ಬಿಚ್ಚಿ ಮಗಳ ಅಳತೆಗೆ ಹೊಲಿದುಕೊಡೆಂದು ಮಿನೋದೊರಾ ಸವೇತಾಳ ಬಳಿ ಒಯ್ದಳು.

"ಕೂಲಿ ಬೇಡ. ಅಂಚಿಂದ ಒಂದು ಗೇಣು ನಂಗೆ" ಎಂದಳು ಸವೇತಾ.

"ಕೂಲೀನೇ ತಗೊಳ್ಳೆ. ಗೇಣು ಹೋದ್ರೆ ಮಗು ಮೊಣಕಾಲು ಮುಚ್ಚಲ್ಲ."

"ದುಂದುಗಾರ ಮಗನ ಕಥೆಗೆ ತಂದೆ ಇಲ್ಲ ನನ್ಹತ್ರ."

"ಅವ್ರನ್ನ ಮಣ್ಣು ಮಾಡಿ ಇನ್ನೂ ತಿಂಗಳಾಗಿಲ್ಲ! ನಿಂಗೆ ಎದೆ ಅನ್ನೋದು ಇದ್ಯಾ?"

ಸವೇತಾ ಆಗಲೇ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದಳು.

ಆ ಚಳಿಗಾಲದಲ್ಲಿ ರಾಹೆಲಾಳ ಮೊಣಕಾಲು ಕೆಂಪೇರಿ ಬಿರಿಯಿತು. ಕೋಟಿಗೂ ಬೂಟಿಗೂ ನಡುವಿನ ಬತ್ತಲೆ ಜಾಗಕ್ಕೆ ಮನೆಯಲ್ಲಿ ಒಂದು ಹೆಸರೇ ಬಿತ್ತು: ಸವೇತಾಳ ಗೇಣು. "ಸವೇತಾಳ ಗೇಣಿಗೆ ಹಂದಿಕೊಬ್ಬು ಸವರ್ಕೊಂಡು ಹೋಗು" ಎಂದು ತಾಯಿ ಬಾಗಿಲಲ್ಲಿ ಕೂಗುತ್ತಿದ್ದಳು.

ಹಾಗಿದ್ದೂ ವರ್ಷದಲ್ಲಿ ಒಂದು ಭಾನುವಾರಕ್ಕಾಗಿ ರಾಹೆಲಾ ಕಾಯುತ್ತಿದ್ದಳು. ಅಂದು ದುಂದುಗಾರ ಮಗನ ಕಥೆ. ಹಲಗೆಯ ಒಂದು ಮೂಲೆಯಲ್ಲಿ ಹಂದಿಗಳು, ನಡುವೆ ಅಪ್ಪನ ಆಸ್ತಿ ಕಳೆದು, ಹಂದಿ ಕಾಯ್ದು, ಮನೆಗೆ ಮರಳುವ ತಲೆ ತಗ್ಗಿಸಿದ ಮಗ. ಇನ್ನೊಂದು ಮೂಲೆಯಿಂದ ನೀಲಿ ಕೋಟು ತೊಟ್ಟು, ಎರಡೂ ಕೈ ಚಾಚಿ ಓಡಿಬರುವ ತಂದೆ. ಗುಂಡಿಯ ಜಾಗದಲ್ಲಿ ಹಳದಿ ದಾರದ ಗಂಟು.

"ಸವೇತಕ್ಕ, ಆ ಮಗ ರೈಲಲ್ಲಿ ಬಂದ್ನಾ?" ಎಂದು ಒಂದು ಮಗು ಕೇಳಿತ್ತು.

"ಹೌದು. ಟಿಕೆಟ್ ಇಲ್ದೆ" ಎಂದಿದ್ದಳು ಸವೇತಾ, ಮುಖದ ಒಂದು ಗೆರೆಯೂ ಅಲುಗದೆ.

ಅಂಥ ಒಂದು ಭಾನುವಾರ ಪಾಠ ಮುಗಿದ ಮೇಲೆ ರಾಹೆಲಾ ಹಲಗೆಯ ಬಳಿ ಹೋಗಿ ಆ ಕೋಟನ್ನು ಸವರಿದಳು. ಬೆರಳಿನ ಮೇಲೆ ಅಳತೆಕೋಲು ಬಿತ್ತು. "ಮುಟ್ಟಿದ್ರೆ ಉಣ್ಣೆ ಸವೆಯುತ್ತೆ. ಇವ್ರು ಇರೋದು ನೋಡೋಕೆ."

ರಾಹೆಲಾಳ ಕೋಟು ಅವಳಿಗೆ ಚಿಕ್ಕದಾಗಿ ದಾಯಾದಿ ಮಕ್ಕಳಿಗೆ ಹೋಯಿತು, ಕೊನೆಗೆ ನೆಲ ಒರೆಸುವ ಬಟ್ಟೆಯಾಗಿ ಮುಗಿಯಿತು. ತಂದೆಯ ಮುಖ ಅವಳಿಗೆ ಮಸುಕಾಗಿ ಎಷ್ಟೋ ಕಾಲವಾಗಿತ್ತು. ಆ ಬಟ್ಟೆಯ ಒರಟು, ಅದರಲ್ಲಿದ್ದ ಕಲ್ಲಿದ್ದಲಿನ ವಾಸನೆ ಮಾತ್ರ ನೆನಪಿತ್ತು. ಅವನು ಮುಟ್ಟಿ ತೊಟ್ಟದ್ದರಲ್ಲಿ ಈ ಲೋಕದಲ್ಲಿ ಉಳಿದದ್ದು ಪೆಟ್ಟಿಗೆಯೊಳಗಿನ ಆ ಚೂರು ಒಂದೇ.

ಈಗ ಪಾಸ್ಟರರ ಸೊಸೆ ಲಿಜಿಯಾ ಪಾಠದ ಚಿತ್ರಗಳನ್ನು ಅಂತರಜಾಲದಿಂದ ಇಳಿಸಿಕೊಂಡು ಬಣ್ಣದಲ್ಲಿ ಮುದ್ರಿಸಿ ತರುತ್ತಾಳೆ. ಅದೂ ಪುಕ್ಕಟೆ. ಮಗುವಿಗೊಂದು ಹಾಳೆ, ಕತ್ತರಿಸಬಹುದು, ಅಂಟಿಸಬಹುದು, ಮನೆಗೂ ಒಯ್ಯಬಹುದು. ಸವೇತಾ ಒಂದು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಚೆನ್ನಾಗಿದೆ. ಆದ್ರೆ ಇವ್ರಲ್ಲಿ ನಮ್ಮೂರೋರು ಯಾರೂ ಇಲ್ವಲ್ಲ" ಎಂದು ಹಿಂದಿರುಗಿಸಿದಳು. ಕೈ ನಡುಗುವುದಕ್ಕೆ ಶುರುವಾಗಿದ್ದರಿಂದ ಪಾಠವನ್ನೂ ಲಿಜಿಯಾಳಿಗೇ ಬಿಟ್ಟಳು. ಪೆಟ್ಟಿಗೆಯನ್ನು ಬೆಟ್ಟದ ಮೇಲಿನ ಸಣ್ಣ ಸಭೆಯೊಂದಕ್ಕೆ ಕೊಟ್ಟುಬಿಡುವುದೆಂದು ತೀರ್ಮಾನವಾಯಿತು. ಶನಿವಾರ ಅಲ್ಲಿಯವರು ಬಂದು ಒಯ್ಯುವರು, ಮತ್ತೆ ತರುವುದಿಲ್ಲ.

ಶುಕ್ರವಾರ ರಾಹೆಲಾ ಅವಳ ಮನೆಗೆ ಹೋದಳು. ಸವೇತಾ ಒಲೆಯ ಪಕ್ಕ ಪೆಟ್ಟಿಗೆ ತೆರೆದುಕೊಂಡು ಕೂತಿದ್ದಳು. ಗೋಡೆಯ ಗೂಟದಲ್ಲಿ ಅವಳ ಕಪ್ಪು ಕೋಟು ತೂಗುತ್ತಿತ್ತು. ಪ್ರತಿ ಭಾನುವಾರವೂ ಅದೇ ಕೋಟು. ತನ್ನನ್ನು ಅದರಲ್ಲೇ ಹೂಳಬೇಕೆಂದು ಎಲ್ಲರಿಗೂ ಹೇಳಿಟ್ಟಿದ್ದಳು.

"ಸವೇತಕ್ಕ, ಒಂದು ಕೇಳ್ಬೇಕಿತ್ತು."

"ಮೊದ್ಲು ಬಾಗಿಲು ಹಾಕು. ಕಾವೆಲ್ಲ ಹೋಗ್ತಿದೆ."

"ನಮ್ಮಪ್ಪನ್ನ ಕೊಡಿ."

ಸವೇತಾ ತಲೆ ಎತ್ತಲಿಲ್ಲ. "ಪೆಟ್ಟಿಗೆ ನಂದಲ್ಲ, ಸಭೇದು."

"ಸಭೆಗೆ ಈಗ ಕಾಗದ ಇದ್ಯಲ್ಲ."

"ಬೆಟ್ಟದೋರಿಗೆ ಇಲ್ಲ. ಅಪ್ಪನ್ನ ಇಟ್ಕೊಂಡು ಕಳಿಸಿದ್ರೆ ಆ ಮಗ ವಾಪಸ್ ಯಾರ ಹತ್ರ ಬರ್ತಾನೆ? ಹಂದಿಗಳ ಹತ್ರಾನಾ?"

"ಪೆಟ್ಟಿಗೇಲಿ ಮುದುಕ ಅಬ್ರಹಾಮ ಇದಾನಲ್ಲ, ಅವನ್ನ ನಿಲ್ಲಿಸ್ಕೊಳ್ಲಿ."

"ಅಬ್ರಹಾಮ ಓಡಲ್ಲ. ಕೈ ಚಾಚಿರೋನು ಇವನೊಬ್ನೇ."

ರಾಹೆಲಾಳಿಗೆ ಮೊಣಕಾಲು ಚುರುಗುಟ್ಟಿದಂತಾಯಿತು. "ಅಮ್ಮ ಹೇಳಿದ್ದು ಸುಳ್ಳಲ್ಲ. ಇಡೀ ಊರಿನ ಬಟ್ಟೆ ಇದೆ ಇದ್ರಲ್ಲಿ. ನಿಮ್ದು ಯಾವ್ದಿದೆ, ತೋರ್ಸಿ ನೋಡೋಣ!"

ಸವೇತಾ ಪೆಟ್ಟಿಗೆಯಲ್ಲಿ ತಡಕಿ ತಂದೆಯನ್ನು ಹೊರತೆಗೆದಳು. ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆಯನ್ನು ಎಬ್ಬಿಸಿ ಬಿಡಿಸಿದಳು. ಕೈ ನಡುಗುತ್ತಿದ್ದರೂ ಬಟ್ಟೆಗೆ ಗಾಯವಾಗಲಿಲ್ಲ. ನೀಲಿ ಕೋಟು ಕಳಚಿ ಬಂತು. ಕೆಳಗೆ ಬೂದು ಕಂಬಳಿಯ ಬರಿಮೈಯವನು ಹಾಗೇ ಕೈ ಚಾಚಿ ಮಲಗಿದ್ದ. ನೀಲಿ ಚೂರನ್ನು ಅವಳು ಮೇಜಿನ ಅಂಚಿನಲ್ಲಿಟ್ಟಳು. ತಗೋ ಎನ್ನಲಿಲ್ಲ.

"ಆ ಗೂಟದಲ್ಲಿರೋದನ್ನ ಇಳಿಸು" ಎಂದಳು.

ರಾಹೆಲಾ ಕಪ್ಪು ಕೋಟನ್ನು ತಂದು ಅವಳ ಮಡಿಲಿಗಿಟ್ಟಳು. ಸವೇತಾ ಅದರ ಅಂಚನ್ನು ಮೇಜಿನ ಮೇಲೆ ಹರಡಿ ಹೆಬ್ಬೆರಳು, ಕಿರುಬೆರಳು ಚಾಚಿ ಅಳೆದಳು.

"ಅಷ್ಟೊಂದು ಯಾಕೆ, ಸವೇತಕ್ಕ? ಅಂಗೈಯಷ್ಟು ಸಾಕಲ್ಲ."

"ಗೇಣು ಅಂದ್ರೆ ಗೇಣು" ಎಂದು ಅವಳು ಕತ್ತರಿ ಹಾಕಿದಳು. "ನೋಡ್ತಾ ನಿಂತ್ಕೋಬೇಡ. ಸೂಜಿಗೆ ದಾರ ಪೋಣಿಸು. ಕಪ್ಪು ದಾರ."