ಚಂದ್ರಿಯ ಫೋನ್ ಕೆಟ್ಟಿರಲಿಲ್ಲ

ಚಂದ್ರಿಯ ಫೋನಿಗೆ ವೈಫೈ ಸಿಗದಂತೆ ಮಾಡಿದವಳು ನಾನೇ. ಮನೆಯ ವೈಫೈ ಸೆಟ್ಟಿಂಗಿಗೆ ಹೋಗಿ ಅವಳ ಫೋನೊಂದನ್ನೇ ಬ್ಲಾಕ್ ಮಾಡಿದ್ದೆ — ಹತ್ತು ವರ್ಷ ಬಾಯಿ ಬಿಡಲಿಲ್ಲ. ನನ್ನ ಪೋಸ್ಟ್ ಓದಿ ನಗುವವರು ನೀವು. ಇದು ಆ ತರಹದ್ದಲ್ಲ.

ಚಂದ್ರಿ ನನ್ನ ನಾದಿನಿ. ಹುಟ್ಟಿನಿಂದ ಕಿವಿ ಕೇಳದು. ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ. ಚನ್ನಪಟ್ಟಣದ ನಮ್ಮ ಮನೆಯಲ್ಲೇ ಕೂತು ಮರದ ಗೊಂಬೆಗಳಿಗೆ ಬಣ್ಣ ಹಾಕುತ್ತಿದ್ದಳು. ನನ್ನ ಇಬ್ಬರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳೂ ಅವಳೇ — ಅದಕ್ಕೇ ನಾನು ಬಿಡದಿಯ ಫ್ಯಾಕ್ಟರಿಗೆ ನಿಶ್ಚಿಂತೆಯಾಗಿ ಹೋಗಿಬರುತ್ತಿದ್ದೆ. ಸಂಜೆಯಾದರೆ ಅವಳಿಗೆ ವೀಡಿಯೊ ಕಾಲ್. ಆ ಕಡೆ ಅವಳ ಹಾಗೇ ಕಿವಿ ಕೇಳದ ಹುಡುಗ, ಶಾಲೆಯಲ್ಲಿ ಜೊತೆಗಿದ್ದವನು. ಕೈಯಲ್ಲೇ ಮಾತು, ಕೈಯಲ್ಲೇ ಜಗಳ, ನಗು. ಇವಳು ಮದುವೆಯಾಗಿ ಹೋದರೆ ನನ್ನ ಮಕ್ಕಳ ಗತಿ — ನನಗೆ ಹೊಳೆದದ್ದು ಅಷ್ಟೇ.

ಕನೆಕ್ಟ್ ಆಗುತ್ತಿಲ್ಲ ಎಂದು ಫೋನ್ ಹಿಡಿದು ಬಂದಳು. ನಾಟಕ ಆಡಿದೆ. ಆಫ್ ಮಾಡಿ ಆನ್ ಮಾಡಿದೆ, ಪಾಸ್‌ವರ್ಡ್ ಮತ್ತೆ ಮತ್ತೆ ಹಾಕಿದೆ. ಮೊಬೈಲ್ ಅಂಗಡಿಗೆ ಹೋಗಿಬಂದಳು. ಅಲ್ಲಿ ಕನೆಕ್ಟ್ ಆಯಿತಂತೆ! ಆಗ ಹೇಳಿದೆ:

“ನಮ್ಮನೆ ವೈಫೈಗೂ ನಿನ್ ಫೋನ್ಗೂ ಆಗ್ಬರಕ್ಕಿಲ್ಲ ಕಣೆ, ಏನ್ ಮಾಡಕಾಯ್ತದೆ.”

ಜಾತಕ ನೋಡಿದವಳ ಹಾಗೆ! ಅವಳು ನನ್ನ ಭುಜ ತಟ್ಟಿದಳು — ಪಾಪ, ಅತ್ತಿಗೆ ಇಷ್ಟು ಕಷ್ಟಪಟ್ಟಳಲ್ಲ ಎಂದು.

ಆಗ ನೆಟ್ ಪ್ಯಾಕ್ ದುಬಾರಿ. ಅಂಗಡಿಯ ಮುಂದೆ ನಿಂತು ಕೈಸನ್ನೆ ಮಾಡಲು ಅವಳಿಗೆ ನಾಚಿಕೆ. ಬರೆಯುವುದೂ ಅಷ್ಟಕ್ಕಷ್ಟೇ.

ಮೂರು ವಾರದ ಮೇಲೆ ಆ ಹುಡುಗನ ಅಣ್ಣ ಮನೆಗೆ ಬಂದ. ಚಂದ್ರಿ ಮಕ್ಕಳನ್ನು ಕರೆತರಲು ಸ್ಕೂಲಿಗೆ ಹೋಗಿದ್ದಳು.

“ಯಾಕಕ್ಕಾ, ನಿಮ್ಮುಡ್ಗಿ ಮಾತೇ ಬುಟ್ಬುಟ್ಟವ್ಳಂತೆ? ನಮ್ಮುಡ್ಗ ಸರ್ಯಾಗ್ ಉಣ್ತಾನೂ ಇಲ್ಲ. ಒಪ್ಗೆ ಐತೆ ಅನ್ನಿ, ನಾಳೆನೇ ಅಪ್ಪನ್ನ ಕರ್ಕಬತ್ತೀನಿ.”

“ಅವ್ಳಿಗೆ ಇಷ್ಟ ಇಲ್ವಂತೆ ಕಣಪ್ಪಾ.”

ಕೂತ್ಕೋ ಅನ್ನಲಿಲ್ಲ, ನೀರು ಕೊಡಲಿಲ್ಲ — ಅವಳು ಬರುವಷ್ಟರಲ್ಲಿ ಅವನು ಹೋಗಬೇಕಿತ್ತು.

ಅದೇ ವರ್ಷ ಹುಡುಗನಿಗೆ ಕನಕಪುರದ ಕಡೆಯ ಹೆಣ್ಣು ತಂದರು. ಅವನೇ ಕೈಬಿಟ್ಟ ಎಂದುಕೊಂಡಳು ಚಂದ್ರಿ. ಆಮೇಲೆ ಬಂದ ಯಾವ ಸಂಬಂಧಕ್ಕೂ ಹೂಂ ಅನ್ನಲಿಲ್ಲ. ನನ್ನ ಮಕ್ಕಳನ್ನು ಬೆಳೆಸಿದಳು.

ಇವತ್ತು ಬೆಳಿಗ್ಗೆ ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳಿದೆ — ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ. ಅವನ ಅಣ್ಣ ಬಂದದ್ದನ್ನೂ. ನನ್ನ ತುಟಿಯಿಂದ ದೃಷ್ಟಿ ಕೀಳದೆ ನೋಡಿದಳು. “ತಪ್ಪಾಯ್ತು” ಅನ್ನಲು ಬಾಯಿ ತೆರೆದೆ —

ಅವಳು ಕಣ್ಣು ಮುಚ್ಚಿಕೊಂಡಳು.